ಕಮಲಾವತಿಯ ಜೀಪಿನ ಕ್ಲಚ್ಚು

ಕೋಡಿಂಬಾಳದ ಕಮಲಾವತಿಯ ಎದುರು ಎರಡು ವಿಷಯ ಯಾರೂ ಎತ್ತಬಾರದು. ಒಂದು ಅವಳ ಜೀಪು, ಇನ್ನೊಂದು ಅವಳ ಎತ್ತರ. ಬಾಯಿ ತಪ್ಪಿ ‘ಗಿಡ್ಡ’ ಅಂದವರಿಗೆ ಅವಳ ಉತ್ತರ ಒಂದೇ: “ಜೀಪಿನ ಕ್ಲಚ್ಚಿಗೆ ಕಾಲು ಎಟಕ್ತದಲ್ಲ, ಮತ್ತೆಂತ ಬೇಕು ನಿಮಗೆ?” ಮಾತು ಅಲ್ಲಿಗೆ ಮುಗಿಯಬೇಕು. ಮುಗಿಯದಿದ್ದರೆ ಮುಗಿಸುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು.

ಜೀಪು ಅವಳ ಮಾವ ಹೊಸದಾಗಿ ಕೊಂಡು ತಂದದ್ದು. ಆ ಕಾಲದಲ್ಲಿ ಇಂಥವು ಕಡಬದ ಸುತ್ತ ಬೇಕಾದಷ್ಟಿದ್ದವು. ಒಬ್ಬೊಬ್ಬರೇ ಪೆಟ್ರೋಲು ಇಂಜಿನು ಕಿತ್ತು ಡೀಸೆಲಿನದ್ದು ಕೂರಿಸಿದರು, ಹಿಂಬದಿ ಉದ್ದ ಮಾಡಿಸಿ ಜನ ಸಾಗಿಸುವ ಸರ್ವಿಸಿಗೆ ಬಿಟ್ಟರು, ತುಕ್ಕು ಹಿಡಿದ ಮೇಲೆ ಗುಜರಿಗೆ ಕೊಟ್ಟು ಕೈ ತೊಳೆದುಕೊಂಡರು. ಕಮಲಾವತಿ ತನ್ನ ಜೀಪಿನ ಒಂದು ನಟ್ಟನ್ನೂ ಬದಲಿಸಲು ಬಿಡಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಹಟ ಹಿಡಿದು ಓಡಿಸಲು ಕಲಿತವಳು ಅವಳು. ಅಂಗಳದಿಂದ ರಸ್ತೆಗೆ ಹೋಗುವ ಏರಿನಲ್ಲಿ ಜೀಪು ದಿನಾ ನಿಂತುಹೋಗುತ್ತಿತ್ತು, ಮನೆಯವರೆಲ್ಲ ನಗುತ್ತಿದ್ದರು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಲು ಹದಕ್ಕೆ ಬಂತು, ಜೀಪು ಏರು ಹತ್ತಿಯೇಬಿಟ್ಟಿತು. ಆಮೇಲೆ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ರಬ್ಬರು ಶೀಟು ಪೇಟೆಗೆ ಸಾಗಿಸಿದ್ದು, ಎಲ್ಲ ಅವಳೇ. ಗಂಡ ಬೆಳ್ಯಪ್ಪ ಪಕ್ಕದ ಸೀಟಿನಲ್ಲಿ ಎಲೆಯಡಿಕೆ ಜಗಿಯುತ್ತ ಸುಮ್ಮನೆ ಕೂರುತ್ತಿದ್ದ.

ಈಗ ತಕರಾರು ತೆಗೆದದ್ದು ಮಗ ಸುಜಯ್. ಮಳೆಗಾಲದ ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆಯ ಹುಚ್ಚು ಅವನಿಗೆ. ನೆಲ್ಯಾಡಿಯ ಗ್ಯಾರೇಜಿನಲ್ಲಿ ಬಾಡಿ ಕತ್ತರಿಸಿ, ದೊಡ್ಡ ಟಯರು ಹಾಕಿ, ಕೆಂಪು ಬಣ್ಣ ಹೊಡೆಸಬೇಕಂತೆ!

“ನಾನು ಬದುಕಿರುವಾಗ ಆಗುದಿಲ್ಲ,” ಅಂದಳು ಕಮಲಾವತಿ. “ಕಂಪೆನಿಯಿಂದ ಹೇಗೆ ಬಂದಿದೆಯೋ ಹಾಗೇ ಉಂಟು ಅದು.”

“ಎಂತ ಹಾಗೇ ಉಂಟು ಅವ್ವ? ಇಷ್ಟು ವರ್ಷದಲ್ಲಿ ಏನೇನು ಬದಲಾಗಿದೆಯೋ ಯಾರಿಗೆ ಗೊತ್ತು?”

“ಗೊತ್ತಿದ್ದವರನ್ನೇ ಕರಿ. ಅವರು ಇದು ಅಸಲು ಅಲ್ಲ ಅಂತ ಹೇಳಿದ್ರೆ ನಾಳೆಯೇ ನೆಲ್ಯಾಡಿಗೆ ತಕೊಂಡು ಹೋಗು. ಅಸಲು ಅಂದ್ರೆ ನೀನು ಮತ್ತೆ ಇದರ ಸುದ್ದಿಗೆ ಬರ್ಬಾರ್ದು.”

ಹಾಗೆ ಬಂದವರು ಬೆಟ್ಟಂಪಾಡಿಯ ಮಹಾಗಣಪತಿ ಭಟ್ರು. ಹಳೆ ವಾಹನಗಳ ಮೇಳ ಎಲ್ಲೇ ಆಗಲಿ, ಅಸಲು ಯಾವುದು, ರಿಪೇರಿ ಮಾಡಿ ಮೆರುಗು ಕೊಟ್ಟದ್ದು ಯಾವುದು ಎಂದು ತೀರ್ಮಾನಿಸಲು ಅವರೇ ಬೇಕು. ಕಾಫಿ ಕುಡಿದು, ಅಂಗಿ ತೆಗೆದು ಬದಿಗಿಟ್ಟು, ಗೋಣಿ ಹಾಸಿ ಸೀದಾ ಜೀಪಿನಡಿಗೆ ನುಗ್ಗಿದರು. ಕಮಲಾವತಿ ಸೊಂಟಕ್ಕೆ ಕೈಯಿಟ್ಟು ಪಕ್ಕದಲ್ಲೇ ನಿಂತಳು. ಬೆಳ್ಯಪ್ಪ ಮಾತ್ರ ಜಗಲಿ ಬಿಟ್ಟು ಇಳಿಯಲಿಲ್ಲ.

ಭಟ್ರು ಇಂಜಿನಿನ ನಂಬರು ನೋಡಿದರು, ಸೀಟು ಎತ್ತಿ ಅಡಿಯ ಬಣ್ಣಕ್ಕೆ ಟಾರ್ಚು ಹಿಡಿದರು, ಬೋಲ್ಟಿನ ತಲೆಗಳನ್ನು ಉಗುರಿನಿಂದ ಕೆರೆದರು. ನೋಡುತ್ತ ಹೋದಂತೆ ಅವರ ಮುಖ ಅರಳಿತು.

“ಇದರ ಬೆಲೆ ಇರುದು ಈ ಮಾಸಿದ ಹಸಿರಿನಲ್ಲೇ ಮಾರಾಯ್ರೆ,” ಅಂದರು ಸುಜಯನಿಗೆ. “ಇದರ ಮೇಲೆ ಒಂದು ಕೈ ಪೈಂಟು ಬಿದ್ದರೆ ಕಥೆ ಮುಗೀತು, ಹತ್ತರಲ್ಲಿ ಹನ್ನೊಂದನೆಯ ಜೀಪು. ಸವೆದದ್ದು, ಜಜ್ಜಿದ್ದು, ತುಕ್ಕು, ಎಲ್ಲ ಇರಲಿ, ಅದು ಇದರದ್ದೇ. ಹೊರಗಿನದ್ದು ಸೇರಿರ್ಬಾರ್ದು, ಅಷ್ಟೆ.”

ಕಮಲಾವತಿ ಮಗನ ಕಡೆ ನೋಡಿದ ನೋಟ ಇತ್ತಲ್ಲ, ಅದನ್ನು ಹೇಳುವುದೇ ಬೇಡ!

ಕೊನೆಗೆ ಭಟ್ರು ಪೆಡಲುಗಳ ಹತ್ತಿರ ತಲೆ ಹಾಕಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. “ಅಕ್ಕ, ಈ ಕ್ಲಚ್ಚಿನ ರಬ್ಬರು ಕಂಪೆನಿಯದ್ದಲ್ಲ. ಹಳೇ ಟಯರಿನದ್ದು.”

“ಹುಚ್ಚು ಮಾತು! ನಾನು ಕಲಿಯುವಾಗಿಂದ ಹಾಗೇ ಉಂಟು.”

ಭಟ್ರು ಒಪ್ಪಿಗೆ ಕೇಳಿ ರಬ್ಬರು ಬಿಡಿಸಿದರು. ಒಳಗೆ, ಪೆಡಲಿಗೆ ಬೋಲ್ಟು ಹಾಕಿ ಕೂರಿಸಿದ್ದ ಕಿರಾಲ್‌ಬೋಗಿ ಮರದ ತುಂಡು. ಎಣ್ಣೆ ಕುಡಿದು ಕಪ್ಪಾಗಿತ್ತು. ಅದರಿಂದಾಗಿ ಪೆಡಲು ಮೂರು ಬೆರಳಿನಷ್ಟು ಮೇಲೆ ಬಂದಿತ್ತು.

“ಯಾರೋ ಕಾಲು ಎಟಕದವರಿಗೆ ಮಾಡಿಕೊಟ್ಟದ್ದು,” ಅಂದರು ಭಟ್ರು, ಪಾಪ, ಏನೂ ಗೊತ್ತಿಲ್ಲದೆ.

ಕಮಲಾವತಿ ನಿಧಾನಕ್ಕೆ ಜಗಲಿಯ ಕಡೆ ತಿರುಗಿದಳು. ಬೆಳ್ಯಪ್ಪ ಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದ.

“ನಾನೇ,” ಅಂದ ಅವನು. “ಎಲ್ಲ ನಗಾಡ್ತಿದ್ರಲ್ಲ. ನೀನು ಕೊಟ್ಟಿಗೆಗೆ ಹೋಗಿ ಅಳುದು ನೋಡಿದೆ. ಹೇಳಿದ್ರೆ ನೀನು ಬೇಡ ಅಂತಿದ್ದಿ.”

ಕಮಲಾವತಿಗೆ ಮೊದಲು ಬಂದದ್ದು ಕೋಪ. ಇಷ್ಟು ವರ್ಷ ಊರಿಡೀ ಕೊಚ್ಚಿಕೊಂಡದ್ದೆಲ್ಲ ಈ ಮರದ ತುಂಡಿನ ಮೇಲೆ ನಿಂತಿತ್ತಲ್ಲ! ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಯಾರೆಲ್ಲ ಗಿಡ್ಡ ಅಂದಿದ್ದರು, ಗಂಡನೊಬ್ಬ ತಮಾಷೆಗೂ ಅಂದಿರಲಿಲ್ಲ.

“ಇದೊಂದು ತೆಗೆದ್ರೆ ಜೀಪು ಅಸಲೇ,” ಅಂದರು ಭಟ್ರು.

“ತೆಗೆದ್ರೆ ಅವ್ವ ಓಡಿಸುದು ಹೇಗೆ?” ಸುಜಯ್ ಬಿಡಲಿಲ್ಲ. “ಓಡದ ಗಾಡಿಯೂ ಗುಜರಿಯೂ ಒಂದೇ ಅಂತ ನೀನೇ ಹೇಳುದಲ್ವಾ ಅವ್ವ? ಇದನ್ನು ತೆಗೆದು ಆ ಏರು ಹತ್ತಿಸು. ಮತ್ತೆ ನಾನು ಮಾತಾಡಿದ್ರೆ ಕೇಳು.”

“ಸ್ಪ್ಯಾನರು ಕೊಡು,” ಅಂದಳು ಕಮಲಾವತಿ.

ಬೋಲ್ಟು ತಾನೇ ಬಿಚ್ಚಿದಳು. ತುಂಡನ್ನು ಜಗಲಿಯ ಮೇಲೆ, ಗಂಡನ ಪಕ್ಕದಲ್ಲಿ ಇಟ್ಟು ಬಂದು, ಸೀರೆ ಎತ್ತಿ ಸಿಕ್ಕಿಸಿ ಸ್ಟೇರಿಂಗು ಹಿಡಿದಳು. ಕ್ಲಚ್ಚು ತಳದವರೆಗೆ ಹೋಗಲಿಲ್ಲ. ಗೇರು ಕರಕರ ಅಂತು, ಏರಿನ ಬುಡದಲ್ಲೇ ಜೀಪು ಸತ್ತುಬಿತ್ತು. ಇನ್ನೊಮ್ಮೆ ಸೀಟಿನ ತುದಿಗೆ ಜಾರಿ ಒತ್ತಿದಳು. ಒರಗಲು ಏನೂ ಇಲ್ಲದೆ ಕಾಲು ನಡುಗಿತು, ಜೀಪು ಮತ್ತೆ ನಿಂತಿತು. ಸುಜಯನಿಗೂ ಈಗ ಪಾಪ ಅನಿಸಿತು. “ಸಾಕು ಅವ್ವ, ಇಳಿ,” ಅಂದ.

“ನೀನು ಬಾಯಿ ಮುಚ್ಚು. ಇಳಿಯುವವಳಲ್ಲ ನಾನು.”

ಬೆಳ್ಯಪ್ಪ ಎದ್ದು ಒಳಗೆ ಹೋದ. ತನ್ನ ಹಾಸಿಗೆಯ ದಿಂಬು ತಂದ. ಎಲ್ಲರೂ ನೋಡುತ್ತಿರುವಂತೆಯೇ ಅಂಗಳ ದಾಟಿ, ಅದನ್ನು ಹೆಂಡತಿಯ ಬೆನ್ನ ಹಿಂದೆ ತುರುಕಿ ಕೂರಿಸಿದ. ಒಮ್ಮೆ ತಟ್ಟಿ ನೋಡಿದ. “ಈಗ ಒತ್ತು.”

“ದಿಂಬು ಜೀಪಿಗೆ ಸೇರಿದ್ದಲ್ಲವಲ್ಲ ಭಟ್ರೆ?” ಕಮಲಾವತಿ ಕೇಳಿದಳು.

“ಓಡಿಸುವವರ ಬೆನ್ನಿಗೆ ಎಂತ ಇಟ್ಟರೂ ನಮಗೆ ಸಂಬಂಧ ಇಲ್ಲ ಅಕ್ಕ. ನಾವು ಗಾಡಿ ನೋಡುವವರು.”

ಕ್ಲಚ್ಚು ತಳ ಮುಟ್ಟಿತು. ಗೇರು ಬಿತ್ತು. ಜೀಪು ಗುರುಗುಟ್ಟುತ್ತ, ಕಲ್ಲು ಹಾರಿಸುತ್ತ, ಅರ್ಧ ಏರಿನಲ್ಲಿ ಒಮ್ಮೆ ಕೆಮ್ಮಿ, ಮತ್ತೆ ಸುಧಾರಿಸಿಕೊಂಡು ರಸ್ತೆ ಮುಟ್ಟಿತು. ಸುಜಯ್ ತನಗೇ ತಿಳಿಯದ ಹಾಗೆ ಚಪ್ಪಾಳೆ ತಟ್ಟುತ್ತಿದ್ದ.

ಭಟ್ರು ಅಂಗಿ ಹಾಕಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದರು. “ಜೀಪು ಅಸಲು ಅಕ್ಕ, ಎರಡು ಮಾತಿಲ್ಲ. ಆದ್ರೆ ನಿಮಗೆ ದಿಂಬು ಬೇಕೇ ಬೇಕು!”

“ಹೌದು ಭಟ್ರೆ, ಬೇಕು. ನಾನು ಗಿಡ್ಡ,” ಅಂದಳು ಕಮಲಾವತಿ. ಹುಟ್ಟಿದಂದಿನಿಂದ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಆಮೇಲೆ ಕೆಳಗಿನ ಅಂಗಳಕ್ಕೆ ಕೇಳುವಂತೆ ಹಾರ್ನು ಒತ್ತಿ, ಪಕ್ಕದ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ, ಬೆಳ್ಯಪ್ಪ ಏರು ಹತ್ತಿ ಬರುವವರೆಗೆ ಕಾದಳು.