ಹನ್ನೊಂದು ಮಂದಿ ಅನಸವ್ವ

ಬನಹಟ್ಟಿಯ ನೇಕಾರರ ಸಂಘಕ್ಕೆ ಕೇತಕಿ ವೆಬ್‌ಸೈಟು ಮಾಡಿಕೊಟ್ಟು ತಿಂಗಳಾಗಿತ್ತು. ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವುದು ಅವಳ ಕೆಲಸ. ಇದು ರಜೆಯ ಉಮೇದು. ಪ್ರತಿ ನೇಕಾರರಿಗೂ ಬೇರೆ ಬೇರೆ ಪಾಸ್‌ವರ್ಡು. ಸೀರೆ ಅಂಚಿನ ಚಿತ್ರಗಳನ್ನು ಅವರವರ ಪುಟದಲ್ಲಿ ಇಟ್ಟುಕೊಳ್ಳಬೇಕು, ಇನ್ನೊಬ್ಬರಿಗೆ ಕಾಣಬಾರದು.

ಸೋಮವಾರ ಬೆಳಿಗ್ಗೆ ಅನಸವ್ವ ಒಂದು ಸೀರೆ ಹಿಡಿದು ಸಂಘದ ಕೋಣೆಗೆ ನುಗ್ಗಿದಳು.

"ಇದನ್ನ ಗಿರಮಲ್ಲಪ್ಪ ನೇದಾನ್ರೀ. ಅಂಚಿನ ಗಿಳಿ ನಂದು, ನನ್ನ ಪುಟದಾಗಿಂದು! ಊರಾಗ ಹನ್ನೊಂದು ಮಗ್ಗದ ಮ್ಯಾಲ ನನ್ನ ಗಿಳಿನ ಕುಂತಾವು."

ಕೇತಕಿ ಗಿರಮಲ್ಲಪ್ಪನನ್ನು ಕರೆಸಿ, ಎದುರಿಗೇ ಲಾಗಿನ್ ಮಾಡಿಸಿದಳು. ಅವನು ತನ್ನ ಹೆಸರು, ತನ್ನ ಪಾಸ್‌ವರ್ಡನ್ನೇ ಒತ್ತಿದ. ಪುಟ ತೆರೆಯಿತು: 'ನಮಸ್ಕಾರ, ಅನಸವ್ವ.'

"ದಿನಾ ಹಿಂಗ ಬರ್ತಿತ್ತೇನ್ರಿ?"

"ಹೌದ್ರಿ."

"ನೀವು ಅನಸವ್ವ ಅಲ್ಲಲ್ರಿ!"

ಗಿರಮಲ್ಲಪ್ಪ ಮೀಸೆ ಸವರಿಕೊಂಡ. "ರೇಷನ್ ಕಾರ್ಡಿನ್ಯಾಗ ನಾ ಗಿರಿಜವ್ವ ಅದೀನ್ರಿ. ಅದಕ್ಕೂ ಸುಮ್ಮನ ಅದೀನಿ."

ಉಳಿದ ಹತ್ತು ಮಂದಿಗೂ ಅದೇ ನಮಸ್ಕಾರ ಬರುತ್ತಿತ್ತು. ಒಬ್ಬರೂ ತಕರಾರು ಮಾಡಿರಲಿಲ್ಲ.

ಕೇತಕಿ ಬೇರೆ ಬ್ರೌಸರಿನಲ್ಲಿ ನೋಡಿದಳು, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಎಲ್ಲಿ ನೋಡಿದರೂ ಅನಸವ್ವ. ಕಡೆಗೆ ಕೋಡನ್ನು ಸಾಲುಸಾಲಾಗಿ ಓದುತ್ತ ಹೋದಾಗ ಸಿಕ್ಕಿತು. ಪಾಸ್‌ವರ್ಡು ನೋಡುವ ಕೆಲಸ ಸರಿಯಾಗಿಯೇ ನಡೆದಿತ್ತು. ಆದರೆ ಪುಟಕ್ಕೆ ಹೆಸರು, ಚಿತ್ರ ತರುವ ಸಾಲಿನಲ್ಲಿ 'ಈಗ ಬಂದವರದು' ಎಂದು ಇರಬೇಕಾದ ಕಡೆ 'ಒಂದನೇ ನಂಬರಿನವರದು' ಎಂದಿತ್ತು. ಪರೀಕ್ಷೆಗೆಂದು ತಾನೇ ಬರೆದದ್ದು, ತೆಗೆಯಲು ಮರೆತಿದ್ದಳು. ಸಂಘದಲ್ಲಿ ಮೊದಲು ಹೆಸರು ಬರೆಸಿದವಳು ಅನಸವ್ವ. ಕೇತಕಿಗೆ ನಾಚಿಕೆಯಾಯಿತು. ಅನಸವ್ವನ ಕೈ ಹಿಡಿದು, "ತಪ್ಪು ನಂದರಿ," ಎಂದು ಆ ಸಾಲನ್ನು ತಿದ್ದಿದಳು.

ಮರುದಿನ ಹನ್ನೊಂದೂ ಮಂದಿ ಬಾಗಿಲಲ್ಲಿ ನಿಂತಿದ್ದರು.

"ಮೊದಲ ಛಲೋ ಇತ್ತರಿ. ಈಗ ಕೆಡಿಸಿಟ್ಟೀರಿ. ಹೆಸರು ಬರೋಬರಿ ಬರತೈತಿ, ಒಳಗ ಏನೂ ಇಲ್ಲ!"

ಕೇತಕಿ ಒಂದೊಂದೇ ಪುಟ ನೋಡಿದಳು. ಖರೆ, ಎಲ್ಲವೂ ಖಾಲಿ. ತಿಂಗಳಿಡೀ ಒಂದಾದರೂ ಚಿತ್ರ ಹಾಕಿದವಳು ಅನಸವ್ವ ಒಬ್ಬಳೇ.

"ಆ ತಪ್ಪನ್ನ ಹೊಳ್ಳಿ ಹಾಕಿಕೊಡ್ರಿ," ಎಂದು ಗಿರಮಲ್ಲಪ್ಪ ಹನ್ನೊಂದು ಸಹಿಯ ಅರ್ಜಿ ಚಾಚಿದ. ಅದರಲ್ಲಿ ಮೂವರು ರೂಢಿಯಿಂದ 'ಅನಸವ್ವ' ಎಂದೇ ಸಹಿ ಮಾಡಿದ್ದರು.

ಕೇತಕಿ ಅರ್ಜಿ ಮಡಚಿಟ್ಟು, ಅವನನ್ನೇ ಕುರ್ಚಿಯ ಮೇಲೆ ಕೂರಿಸಿ ಮೌಸು ಕೈಗೆ ಕೊಟ್ಟಳು. ಎರಡು ತಾಸು ಬೆವರು ಸುರಿಸಿ ಗಿರಮಲ್ಲಪ್ಪ ತನ್ನ ಪುಟದಲ್ಲಿ ಅಂಚಿಗೆಂದು ಒಂದು ಮಾವಿನಕಾಯಿ ಬರೆದ. ಬದನೆಕಾಯಿಯಂತಿತ್ತು.

"ಇದನ್ನ ಮಂದಿಗೆ ತೋರಸೂನೇನ್ರಿ?" ಎಂದಳು ಕೇತಕಿ.

ಅವನು ಎರಡೂ ಕೈಯಿಂದ ಪರದೆ ಮುಚ್ಚಿಕೊಂಡ. "ಬ್ಯಾಡ್ರೀ! ನಂದು ನನಗಷ್ಟ ಕಾಣಲಿ."