ಹಸಿ ಗೋಡೆಯ ಬಣ್ಣ

ನೆರೆ ನೀರು ಬಂದಾಗಿನ ಕಷ್ಟ ಒಂದು, ಇಳಿದು ಹೋದ ಮೇಲಿನ ಕಷ್ಟ ಇನ್ನೊಂದು. ಹೊಳೆ ತನ್ನ ಪಾಡಿಗೆ ತಾನು ವಾಪಸು ಹೋಗಿಬಿಡುತ್ತದೆ, ಕೆಸರನ್ನು ಮಾತ್ರ ನಮ್ಮ ತಲೆಗೆ ಕಟ್ಟಿ ಹೋಗುತ್ತದೆ. ಆ ಬೀದಿಯಲ್ಲೂ ಹಾಗೇ ಆಗಿತ್ತು. ಹಾಸಿಗೆಗಳು ಕಾಂಪೌಂಡಿನ ಮೇಲೆ, ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ನಡುಬೀದಿಯಲ್ಲಿ, ಮಕ್ಕಳ ಪುಸ್ತಕಗಳು ಬಟ್ಟೆಯ ತಂತಿಯ ಮೇಲೆ. ಯಾರ ಮನೆಗೆ ಹೋದರೂ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ. ನೀರು ಇಲ್ಲಿಯವರೆಗೆ ನಿಂತಿತ್ತು ಎಂಬ ಗುರುತು.

ಒಂದೇ ಒಂದು ಮನೆಯಲ್ಲಿ ಆ ಗೆರೆ ಇರಲಿಲ್ಲ. ಅದು ಹೊಳಪಣ್ಣನ ಮನೆ.

ಹೊಳಪಣ್ಣನದು ಗೋಡೆಗೆ ಬಣ್ಣ ಬಳಿಯುವ ಕೆಲಸ. ಅವನು ಕೈಯಿಟ್ಟ ಗೋಡೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಜನ ಹೊಗಳಿ ಹೊಗಳಿ ಆ ಹೆಸರು ಅಂಟಿಕೊಂಡಿತ್ತು. ಕೆಲಸ ಎಷ್ಟು ಅಚ್ಚುಕಟ್ಟೋ ಮನುಷ್ಯನೂ ಅಷ್ಟೇ ಅಚ್ಚುಕಟ್ಟು. ಏಣಿ ಹತ್ತುವಾಗಲೂ ಇಸ್ತ್ರಿ ಮಾಡಿದ ಅಂಗಿ. ಹಬ್ಬಿದ ಮೀಸೆ, ಅದಕ್ಕಿಂತ ಒಂದು ಗೇಣು ಮುಂದೆ ಹೋಗುವ ಸ್ವಾಭಿಮಾನ. ಸಾಲ ಕೇಳಿದವನಲ್ಲ, ಪಕ್ಕದ ಮನೆಯಿಂದ ಒಂದು ಚಮಚ ಸಕ್ಕರೆ ತರಿಸಿದವನಲ್ಲ.

ಮನೆಗೆ ನೀರು ನುಗ್ಗಿದ್ದು ಅವನಿಗೆ ನಷ್ಟಕ್ಕಿಂತ ಹೆಚ್ಚಾಗಿ ಅವಮಾನ ಅನ್ನಿಸಿಬಿಟ್ಟಿತ್ತು. ಹೆಂಡತಿಯ ಹೊಲಿಗೆ ಯಂತ್ರ ಮುಳುಗಿ ಅದರ ಮೋಟಾರು ಸತ್ತುಹೋಗಿತ್ತು. ಅವನ ಬ್ರಷ್ಷು, ರೋಲರು, ಗೋಡೆಗೆ ಮೆತ್ತುವ ಪುಟ್ಟಿಯ ಚೀಲ ಎಲ್ಲವೂ ಹೊಳೆಯ ಪಾಲು. ಅಟ್ಟದ ಮೇಲೆ ಉಳಿದಿದ್ದು ಒಂದು ಡಬ್ಬಿ ತಿಳಿ ಹಳದಿ ಬಣ್ಣ, ಒಂದು ಹಳೇ ಬ್ರಷ್ಷು. ಅವನ್ನೇ ಇಳಿಸಿಕೊಂಡು, ಕೆಸರು ತೊಳೆದ ಮಾರನೇ ದಿನವೇ ಗೋಡೆಗೆ ಬಳಿಯಲು ನಿಂತ.

"ರೀ, ಗೋಡೆ ಇನ್ನೂ ಹಸಿ ಇದೆ," ಎಂದಳು ಹೆಂಡತಿ. "ಹಸಿ ಗೋಡೆ ಮುಟ್ಟಬೇಡಿ ಅಂತ ಊರೋರಿಗೆಲ್ಲ ಹೇಳೋರು ನೀವೇ ಅಲ್ವಾ?"

"ನನಗೇ ಬಣ್ಣದ ಪಾಠ ಹೇಳ್ತೀಯಾ? ಬಂದೋರೆಲ್ಲ ಆ ಗೆರೆ ನೋಡಿ ಅಯ್ಯೋ ಪಾಪ ಅಂತಾರೆ. ನನ್ನ ಮನೇಲಿ ನಿಂತ್ಕೊಂಡು ಯಾರೂ ಅಯ್ಯೋ ಪಾಪ ಅನ್ನಬಾರದು."

ಸಂಜೆಯ ಹೊತ್ತಿಗೆ ಮುಂಬಾಗಿಲ ಕೋಣೆ ಹಳದಿಯಾಗಿ ಫಳಫಳ ಅನ್ನುತ್ತಿತ್ತು.

ಆಗ ಬಂದಳು ಅವನ ತಂಗಿ. ಅವಳು ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ, ಟಿಕೆಟ್ ಚೀಲ ಹೆಗಲಲ್ಲಿ ಇದ್ದ ಹಾಗೇ ನೇರ ಅಣ್ಣನ ಮನೆಗೆ ಬಂದಿದ್ದಳು. ದಿನಕ್ಕೆ ನೂರಾರು ಜನರನ್ನು ಗದರಿಸಿ, ನಗಿಸಿ, ಚಿಲ್ಲರೆ ಕೊಟ್ಟು ಕಳಿಸುವ ಹೆಂಗಸು. ಅಣ್ಣನ ಮೀಸೆಗೆಲ್ಲ ಹೆದರುವ ಜಾತಿಯಲ್ಲ. ಒಳಗೆ ಕಾಲಿಟ್ಟವಳೇ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ಇದೇನೋ ಇದು. ಫೋಟೋ ತೆಗೆದ್ಯಾ ಬಳಿಯೋಕೆ ಮುಂಚೆ?"

"ಫೋಟೋ ಯಾಕೆ? ಮದುವೆ ಮನೇನಾ ಇದು?"

"ಸರ್ಕಾರದಿಂದ ನೆರೆ ಪರಿಹಾರ ಕೊಡ್ತಿದಾರೆ ಕಣೋ. ತುರ್ತು ಸಹಾಯ. ಮನೆಗೆ ನೀರು ನುಗ್ಗಿದವರಿಗೆ, ಸಾಮಾನು ಹಾಳಾದವರಿಗೆ. ನಾಳೆಯೋ ನಾಡಿದ್ದೋ ಮನೆಮನೆಗೆ ಬಂದು ನೋಡ್ತಾರೆ. ನೀನು ನೋಡೋದಕ್ಕೇ ಏನೂ ಉಳಿಸಿಲ್ವಲ್ಲ."

ಹೊಳಪಣ್ಣ ಬ್ರಷ್ಷಿನ ತುದಿಯನ್ನು ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದ. "ನನಗೆ ಅದೆಲ್ಲ ಬೇಡ. ಇವತ್ತಿನವರೆಗೆ ಯಾರ ಮುಂದೂ ಕೈಯೊಡ್ಡಿಲ್ಲ. ಅದು ಇಲ್ಲದವರಿಗೆ. ನನ್ನ ರಟ್ಟೆ ಗಟ್ಟಿ ಇದೆ."

"ನೋಡು, ನನ್ನ ಬಸ್ಸಲ್ಲಿ ಒಬ್ಬ ಟಿಕೆಟ್ ತಗೋತಾನೆ. ಸೀಟು ಖಾಲಿ ಇದೆ. ಆದ್ರೂ ಕೂರಲ್ಲ. ಯಾಕಪ್ಪಾ ಅಂದ್ರೆ, ಕೂತ್ರೆ ಬೇರೆಯವರು ನನ್ನ ಭಿಕಾರಿ ಅಂದ್ಕೋತಾರೆ ಅಂತಾನೆ. ಅವನಿಗೆ ಏನಂತೀಯ?"

"ತಲೆ ಕೆಟ್ಟಿದೆ ಅಂತೀನಿ."

"ಆ ತಲೆ ಕೆಟ್ಟವನು ನೀನೇ. ಕೊಂಡ ಒಂದೊಂದು ಡಬ್ಬಿ ಬಣ್ಣಕ್ಕೂ ತೆರಿಗೆ ಕಟ್ಟಿದ್ದೀಯ. ಅತ್ತಿಗೆ ತಂದ ಒಂದೊಂದು ದಾರದುಂಡೆಗೂ ಕಟ್ಟಿದಾಳೆ. ಟಿಕೆಟ್ ಆವಾಗಲೇ ಆಗಿದೆ. ಈಗ ಕಷ್ಟ ಬಂದಿದೆ, ಸೀಟು ನಿನ್ನದು. ಕೂತ್ಕೊಳೋದರಲ್ಲಿ ನಾಚಿಕೆ ಏನು?"

ಹೆಂಡತಿ ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಕಡೆ ಒಮ್ಮೆ ನೋಡಿದಳು, ಅಷ್ಟೇ. ಬೀದಿಯ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಈ ಸಲ ಅವಳಿಗೇ ಬಂದಿತ್ತು. ಶಾಲೆ ತೆರೆಯುವ ಮುಂಚೆ ಯಂತ್ರ ಓಡದಿದ್ದರೆ ಅದು ಬೇರೆಯವರ ಕೈಗೆ ಹೋಗುತ್ತದೆ. ಹೊಳಪಣ್ಣನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಡಬ್ಬಿಯ ಮುಚ್ಚಳ ಒತ್ತುವುದರಲ್ಲಿ ಮುಳುಗಿದ.

ಪರಿಶೀಲನೆಯ ಅಧಿಕಾರಿ ಬಂದಾಗ ಹೆಂಡತಿ ಮನೆಯಲ್ಲಿರಲಿಲ್ಲ, ಹಿಂದಿನ ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಧಿಕಾರಿ ಒಬ್ಬ ಹೆಂಗಸು. ಕೆಸರು ಮೆತ್ತಿದ ರಬ್ಬರ್ ಬೂಟು, ದಣಿದ ಮುಖ. ಬೆಳಗಿನಿಂದ ಮನೆ ಮನೆ ಹತ್ತಿ ಇಳಿದು ಬಂದವಳು. ಹೊಳಪಣ್ಣನ ಮನೆ ಬೀದಿಯ ತಿರುವಿನಲ್ಲಿದೆ, ಅದರಾಚೆ ಇನ್ನು ಕೆಲವೇ ಮನೆಗಳು. ಅವಳು ಹಳದಿ ಗೋಡೆಯನ್ನು ನೋಡಿ ನಿಂತಳು.

"ನಿಮ್ಮ ಮನೆಗೆ ನೀರು ಬಂದಿಲ್ವಾ?"

"ನಮಗೇನೂ ತೊಂದರೆ ಇಲ್ಲ ಮೇಡಂ. ಬೇರೆಯವರನ್ನ ನೋಡಿ, ಪಾಪ."

"ಹಾಗಾದ್ರೆ ನೀರು ಈ ತಿರುವಿನ ಹತ್ತಿರಾನೇ ನಿಂತು ಹೋಯ್ತು ಅನ್ನಿ."

ಹೊಳಪಣ್ಣ "ಹೂಂ" ಅಂದ. ಒಂದೇ ಒಂದು ಹೂಂ. ಅಧಿಕಾರಿ ಅಲ್ಲಿಂದಲೇ ಹಿಂದಿರುಗಿದಳು. ಅವನು ಮೀಸೆ ನೇವರಿಸಿಕೊಂಡು ಒಳಗೆ ಬಂದು ಕೂತ. ಮರ್ಯಾದೆ ಉಳಿಯಿತು ಅಂದುಕೊಂಡ.

ವಾರಗಳು ಕಳೆದವು. ತಿರುವಿನ ಈಚೆಯ ಮನೆಗಳವರ ಬ್ಯಾಂಕ್ ಖಾತೆಗೆ ಪರಿಹಾರ ಬಂತು. ಒಬ್ಬರು ಹಾಸಿಗೆ ತಂದರು, ಒಬ್ಬರು ಒಲೆ ತಂದರು, ಸೈಕಲ್ ರಿಪೇರಿಯವನು ತನ್ನ ಗಾಳಿ ಪಂಪನ್ನು ಸರಿಮಾಡಿಸಿಕೊಂಡ. ಹೊಳಪಣ್ಣನ ಹೆಂಡತಿ ಕೈಯಲ್ಲಿ ಸೂಜಿ ಹಿಡಿದು ಸಮವಸ್ತ್ರಕ್ಕೆ ಅಂಚು ಹೊಲಿಯುತ್ತ ಬೆರಳೆಲ್ಲ ಚುಚ್ಚಿಕೊಂಡಿದ್ದಳು. ಅವನು ನೋಡಿಯೂ ನೋಡದ ಹಾಗೆ ಇದ್ದ.

ಒಂದು ಮಧ್ಯಾಹ್ನ ಇಸ್ತ್ರಿ ಅಜ್ಜಿ ಬಂದಳು. ತಿರುವಿನಾಚೆಯ ಮೊದಲ ಮನೆ ಅವಳದು. ಹೊಳಪಣ್ಣನ ಅಂಗಿಗಳಿಗೆ ಗರಿ ಮೂಡಿಸುವವಳು ಅವಳೇ. ನೀರು ಏರಿದ ದಿನ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಯ ಮಹಡಿಗೆ ಮುಟ್ಟಿಸಿದವನು ಹೊಳಪಣ್ಣ. ಅವತ್ತಿನಿಂದ ಅಜ್ಜಿ ಹೋದ ಕಡೆಯಲ್ಲೆಲ್ಲ ಅವನ ಗುಣಗಾನ.

"ನಿನ್ನನ್ನೇ ಒಂದು ಮಾತು ಕೇಳೋಣ ಅಂತ ಬಂದೆ ಕಣಪ್ಪ," ಎಂದು ಗೋಡೆಗೊರಗಿ ಕೂತಳು. "ನನ್ನ ಇಸ್ತ್ರಿ ಮೇಜು ಉಬ್ಬಿ ಸೀಳಿಹೋಯ್ತು. ಜನ ಕೊಟ್ಟಿದ್ದ ಬಟ್ಟೆ ಕೊಳೆತುಹೋಯ್ತು. ಪರಿಹಾರಕ್ಕೆ ನನ್ನ ಮನೆಗೆ ಯಾರೂ ಬರ್ಲೇ ಇಲ್ಲ. ಕೇಳಿದ್ರೆ, ತಿರುವಿನಾಚೆ ನೀರೇ ಬಂದಿಲ್ಲ ಅಂತ ಬರ್ಕೊಂಡಿದಾರಂತೆ. ಯಾರು ಹೇಳಿದ್ದೋ ಅವರಿಗೆ. ನಿನಗಾದ್ರೂ ಗೊತ್ತಲ್ಲ, ನನ್ನನ್ನ ಹೊತ್ಕೊಂಡಾಗ ನೀರು ಎಲ್ಲೀವರೆಗೆ ಇತ್ತು ಅಂತ."

ಅಜ್ಜಿ ಏಳಲು ಗೋಡೆಗೆ ಕೈಕೊಟ್ಟಳು. ಅವಳ ಅಂಗೈಗೆ ಹಳದಿ ಬಣ್ಣದ ಒಂದು ಸಿಪ್ಪೆ ಹತ್ತಿಕೊಂಡು ಬಂತು.

"ಅಯ್ಯ, ನಿನ್ನ ಗೋಡೆಗೆ ಬೊಬ್ಬೆ ಎದ್ದಿದೆಯಲ್ಲೋ ಹೊಳಪಣ್ಣ," ಎಂದು ಅಜ್ಜಿ ನಕ್ಕಳು.

ಎದ್ದಿತ್ತು. ಹಸಿ ಗೋಡೆ ಒಳಗೇ ಬೆವರಿ, ಬಣ್ಣವನ್ನು ಅಲ್ಲಲ್ಲಿ ತಳ್ಳಿಹಾಕಿತ್ತು. ಸಿಪ್ಪೆ ಎದ್ದ ಜಾಗದಲ್ಲಿ, ಅಜ್ಜಿಯ ಭುಜದ ಪಕ್ಕದಲ್ಲೇ, ಕಂದು ಗೆರೆ ಇಣುಕುತ್ತಿತ್ತು.

ಹೊಳಪಣ್ಣ ಆ ಗೆರೆಯನ್ನೇ ನೋಡಿದ. ಬೆನ್ನ ಮೇಲೆ ಹೊತ್ತು ಉಳಿಸಿದ ಮುದುಕಿಯನ್ನು ತಾನೇ ಒಂದು ಹೂಂ ಅಂದು ಮುಳುಗಿಸಿದ್ದ. ಸುಳ್ಳು ಹೇಳಿದ್ದು ತನ್ನೊಬ್ಬನ ಬಗ್ಗೆ ಅಂದುಕೊಂಡಿದ್ದ. ಅದು ತಿರುವಿನಾಚೆಯ ಮನೆಗಳಿಗೆಲ್ಲ ತಟ್ಟಿತ್ತು.

"ಅಜ್ಜೀ, ಹೇಳಿದ್ದು ನಾನೇ," ಎಂದ.

ಅಜ್ಜಿ "ನೀನಾ," ಎಂದಳು. ಆಮೇಲೆ ಅಂಗೈಯ ಸಿಪ್ಪೆಯನ್ನು ಕೆಳಗೆ ಉದುರಿಸಿ, "ಹಾಗಾದ್ರೆ ಸರಿಮಾಡೋನೂ ನೀನೇ," ಎಂದಳು.

ಅಂದೇ ಸಂಜೆ ಅವನೇ ಬಸ್ ನಿಲ್ದಾಣಕ್ಕೆ ಹೋಗಿ ತಂಗಿಗಾಗಿ ಕಾದು ನಿಂತ. ಅಣ್ಣ ತನ್ನನ್ನು ಹುಡುಕಿಕೊಂಡು ಬಂದದ್ದು ಕಂಡು ಅವಳಿಗೆ ಗಾಬರಿಯೇ ಆಯಿತು. ವಿಷಯ ಕೇಳಿದ ಮೇಲೆ ಬಯ್ಯಲಿಲ್ಲ. ಬಯ್ಯುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಳು ಅಂತ ಕಾಣುತ್ತದೆ.

"ಇನ್ನೂ ಕೈ ಮೀರಿಲ್ಲ," ಎಂದಳು. "ಬಿಟ್ಟುಹೋದ ಮನೆಗಳನ್ನ ಮತ್ತೆ ನೋಡಿ ಅಂತ ಕೇಳ್ಕೋಬಹುದು. ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ ತಗೊಂಡು ನೀನೇ ಹೋಗು. ಅಜ್ಜಿ ಮತ್ತೆ ಆ ಕಡೆ ಮನೆಯವರನ್ನೂ ಕರ್ಕೊಂಡು ಹೋಗು. ಕೇಳಿದ್ದಕ್ಕೆ ಬರವಣಿಗೇಲಿ ಸ್ವೀಕೃತಿ ಇಸ್ಕೋ. ಮಧ್ಯದಲ್ಲಿ ಯಾರಾದ್ರೂ ಕೈ ಬೆಚ್ಚಗೆ ಮಾಡಿ, ಬೇಗ ಮಾಡಿಸ್ತೀನಿ ಅಂದ್ರೆ, ಅವನನ್ನ ಅಲ್ಲೇ ಬಸ್ಸಿಂದ ಇಳಿಸು. ಪರಿಹಾರಕ್ಕೆ ಯಾರಿಗೂ ಲಂಚ ಕೊಡೋ ಹಾಗಿಲ್ಲ."

"ಏನಂತ ಹೇಳ್ಲಿ ಅಲ್ಲಿ?"

"ನಿಜ ಹೇಳು. ಅದನ್ನಾದ್ರೂ ಬಣ್ಣ ಹಚ್ಚದೇ ಹೇಳೋಕೆ ಕಲಿ."

ಹೊಳಪಣ್ಣ ಅಜ್ಜಿಯನ್ನೂ ಆ ಕಡೆಯ ಮನೆಯವರನ್ನೂ ಕರೆದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದ. ಅದೇ ಅಧಿಕಾರಿ ಮೇಜಿನ ಹಿಂದೆ ಕೂತಿದ್ದಳು. ಅವನು ನೆಟ್ಟಗೆ ನಿಂತು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದ. "ಮೇಡಂ, ನನ್ನ ಮನೆಗೆ ನೀರು ನುಗ್ಗಿತ್ತು. ತಿರುವಿನಾಚೆಗೂ ನುಗ್ಗಿತ್ತು. ನಾಚಿಕೆ ಆಗಿ ಗುರುತಿನ ಮೇಲೆ ಬಣ್ಣ ಬಳಿದೆ. ನೀವು ಕೇಳಿದಾಗ ಸುಳ್ಳು ಹೂಂ ಅಂದೆ. ತಪ್ಪು ನಂದು. ಅದರ ಭಾರ ಇವರ ಮೇಲೆ ಬೀಳಬಾರದು."

ಅಧಿಕಾರಿ ಅವನ ಹಿಂದೆ ನಿಂತ ಅಜ್ಜಿಯನ್ನು ನೋಡಿದಳು. "ನಾನೂ ಇನ್ನೆರಡು ಹೆಜ್ಜೆ ಮುಂದೆ ಹೋಗಿ ನೋಡಬೇಕಿತ್ತು," ಎಂದಳು. "ನಾಳೆ ಬರ್ತೀನಿ."

ಬಂದಳು. ಬೀದಿಯೂ ಬಂತು. ಸೈಕಲ್ ರಿಪೇರಿಯವನು ಅಂಗಡಿ ಹಾಗೇ ಬಿಟ್ಟು ಬಂದ, ಹೆಂಗಸರು ಕೈಯೊರೆಸುತ್ತ ಬಂದರು, ತಂಗಿ ಡ್ಯೂಟಿಗೆ ಹೋಗುವ ಮುಂಚೆ ಬಂದಳು. ಹೊಳಪಣ್ಣ ಇಸ್ತ್ರಿ ಅಂಗಿಯ ತೋಳು ಮಡಚಿ, ಕೆರೆಯುವ ಪಟ್ಟಿ ಹಿಡಿದು, ತಾನೇ ಬಳಿದ ಗೋಡೆಯ ಮುಂದೆ ನಿಂತ. ಹಳದಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಮೂಲೆಯವರೆಗೆ ಕಂದು ಗೆರೆ ಒಂದೇ ಮಟ್ಟದಲ್ಲಿ ಎದ್ದು ಬಂತು.

ಹೆಂಡತಿ ಹಾಳಾದ ಮೋಟಾರು ತಂದು ಮುಂದಿಟ್ಟಳು. ಅದನ್ನು ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ, ಅದು ಈಗ ಕೆಲಸಕ್ಕೆ ಬಂತು. ಅಧಿಕಾರಿ ಎಲ್ಲದರ ಫೋಟೋ ತೆಗೆದುಕೊಂಡು ಅಜ್ಜಿಯ ಮನೆಗೆ ಹೋದಳು. ಅಲ್ಲೂ ಗೆರೆ ಇತ್ತು, ಯಾರೂ ಮುಚ್ಚದ ಗೆರೆ.

"ಇಷ್ಟು ಚೆನ್ನಾಗಿ ಬಣ್ಣ ಬಳಿಯೋನನ್ನ ನೋಡಿದ್ದೆ," ಎಂದು ತಂಗಿ ಅಣ್ಣನ ಕಿವಿಯಲ್ಲಿ ಅಂದಳು, "ಇಷ್ಟು ಚೆನ್ನಾಗಿ ಕೆರೆಯೋನನ್ನ ಇವತ್ತೇ ನೋಡಿದ್ದು."

ಅವನು ನಗಲಿಲ್ಲ. ಆದರೆ ಮೊದಲಿನ ಹೆಮ್ಮೆಗಿಂತ ಬೇರೆ ಥರದ ಒಂದು ಹೆಮ್ಮೆ ಅವನ ಎದೆಯಲ್ಲಿ ತುಂಬಿತ್ತು. ಅದು ಯಾವ ಹೊಳಪಿಗೂ ಕಾಯುತ್ತಿರಲಿಲ್ಲ.

ತಿರುವಿನಾಚೆಯ ಮನೆಗಳಿಗೂ ಪರಿಹಾರ ಬಂತು, ಹೊಳಪಣ್ಣನ ಮನೆಗೂ ಬಂತು. ಹೊಳೆ ಒಯ್ದದ್ದೆಲ್ಲ ತುಂಬಿ ಬರಲಿಲ್ಲ. ಆದರೆ ಹೊಲಿಗೆ ಯಂತ್ರಕ್ಕೆ ಹೊಸ ಮೋಟಾರು ಕೂತಿತು. ಶಾಲೆ ತೆರೆದ ದಿನ ಬೀದಿಯ ಮಕ್ಕಳೆಲ್ಲ ಅವನ ಹೆಂಡತಿ ಹೊಲಿದ ಬಟ್ಟೆಯಲ್ಲಿ ಮನೆ ಮುಂದೆ ಹಾದುಹೋದರು. ಅವಳು ಬಾಗಿಲಲ್ಲಿ ನಿಂತು ಒಂದೊಂದು ಕಾಲರನ್ನೂ ಕಣ್ಣಲ್ಲೇ ಸವರಿದಳು. ಅಜ್ಜಿಯ ಹೊಸ ಮೇಜಿನ ಮೇಲೆ ಮೊದಲು ಇಸ್ತ್ರಿಯಾದದ್ದು ಹೊಳಪಣ್ಣನ ಅಂಗಿ. ಅವನು ಕಾಸು ಕೊಡಲು ಹೋದರೆ ಅಜ್ಜಿ ಮುಖ ತಿರುವಿದಳು. "ನನಗೂ ಸ್ವಾಭಿಮಾನ ಇದೆಯಪ್ಪ," ಎಂದಳು.

ಗೋಡೆ ಪೂರ್ತಿ ಒಣಗುವವರೆಗೆ ಕಾದು ಹೊಳಪಣ್ಣ ಮತ್ತೆ ಬಣ್ಣ ಬಳಿದ. ಬಾಗಿಲ ಪಕ್ಕದಲ್ಲಿ ಅಂಗೈ ಅಗಲದ ಜಾಗ ಮಾತ್ರ ಬಿಟ್ಟ. ಅಲ್ಲಿ ಕಂದು ಗೆರೆ ಇನ್ನೂ ಇದೆ. ಯಾರಾದರೂ ಬಂದು "ಇದೊಂದು ಉಳಿದುಹೋಗಿದೆಯಲ್ಲ" ಎಂದರೆ, "ಉಳಿದದ್ದಲ್ಲ, ಉಳಿಸಿದ್ದು" ಅನ್ನುತ್ತಾನೆ. "ಇಲ್ಲೀವರೆಗೆ ಬಂದಿತ್ತು ನೀರು. ಇಲ್ಲಿಂದ ಎದ್ದಿದ್ದೀವಿ ನಾವು."

ಬೀದಿಯ ತಿರುವಿನ ದೊಡ್ಡ ಗೋಡೆಯ ಮೇಲೆ ಈಗ ಅವನ ಕೈಯ ದಪ್ಪ ನೀಲಿ ಅಕ್ಷರಗಳಿವೆ. ಹೇಳಿ ಬರೆಸಿದವಳು ತಂಗಿ. ಕೊನೆಯಲ್ಲಿ "ಬಣ್ಣಕ್ಕೆ ಹೊಳಪಣ್ಣನನ್ನು ಕಾಣಿರಿ" ಎಂದು ಅವನು ಸೇರಿಸಲು ಹೋಗಿದ್ದ, ಅವಳು ಬ್ರಷ್ಷು ಕಸಿದುಕೊಂಡಳು. ಉಳಿದದ್ದು ಇಷ್ಟು, ಓದುತ್ತಿರುವ ನಿಮಗೂ ಸೇರಿ:

ನೆರೆ ನೀರು ಮನೆಗೆ ನುಗ್ಗಿತೇ? ಜೀವ ಮೊದಲು ಉಳಿಸಿಕೊಳ್ಳಿ. ನೀರು ಇಳಿದ ಮೇಲೆ, ತೊಳೆಯುವ ಮುಂಚೆ, ಗೋಡೆಯ ಗುರುತಿನ, ಹಾಳಾದ ಸಾಮಾನಿನ ಫೋಟೋ ತೆಗೆದಿಡಿ. ಹತ್ತಿರದ ಸರ್ಕಾರಿ ಕಚೇರಿಗೆ ತಡಮಾಡದೆ ತಿಳಿಸಿ. ನೋಡಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಹೆಚ್ಚೂ ಬೇಡ, ಕಮ್ಮಿಯೂ ಬೇಡ. ನಿಮ್ಮ ಮನೆ ಬಿಟ್ಟುಹೋಗಿದ್ದರೆ ಮತ್ತೆ ನೋಡಿ ಎಂದು ಕೇಳಿ. ಪಕ್ಕದ ಮನೆಯವರು ಬಿಟ್ಟುಹೋಗಿದ್ದರೆ ಅವರ ಜೊತೆ ಹೋಗಿ ಕೇಳಿ. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು.

ಗುರುತು ತೋರಿಸುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ.