ಚೂರಾದದ್ದು ಯಾರ ಪಾಲು

ಜೀವರತ್ನಮ್ಮ ದೇವರನ್ನು ಬೇಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಜಗಳವಾಡಿ ಬಿಟ್ಟದ್ದಲ್ಲ, ಸಾಕಾಗಿ ಬಿಟ್ಟದ್ದು. ಮಗಳು ಎಸ್ತೇರಿಗೆ ಹದಿನಾರು ತುಂಬಿದರೂ ಮಾತು ಬಂದಿರಲಿಲ್ಲ. ತಲೆ ಬಾಚುವುದರಿಂದ ಹಿಡಿದು ಮುಟ್ಟಿನ ಬಟ್ಟೆಯ ತನಕ ಎಲ್ಲವೂ ತಾಯಿಯ ಕೈಯಲ್ಲೇ ಆಗಬೇಕು. ಪ್ರಾರ್ಥನೆ, ಉಪವಾಸ, ಬೆಂಗಳೂರಿನ ಸ್ವಸ್ಥತೆಯ ಕೂಟ, ಎಲ್ಲವನ್ನೂ ಅವಳು ಹಿಂದೆ ಮಾಡಿ ನೋಡಿದ್ದಳು. "ನಿಂಗೆ ನಂಬ್ಕೆ ಸಾಲ್ದು ಕಣಮ್ಮ" ಎಂದವರಿದ್ದರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ದಿನಾ ಮಗಳ ಹಾಸಿಗೆ ಒಗೆಯುವವರು ಅವರಲ್ಲವಲ್ಲ! ಆ ಮಾತು ಕೇಳಿದ ಮೇಲೆ ಜೀವರತ್ನಮ್ಮ ಚರ್ಚಿಗೆ ಬಂದರೂ ಅಲ್ಲಿ ಮುರಿದು ಹಂಚುವ ಪ್ರಭುಭೋಜನದ ರೊಟ್ಟಿಗೆ ಕೈಯೊಡ್ಡುತ್ತಿರಲಿಲ್ಲ. ನಂಬಿಕೆ ಸಾಲದವಳಿಗೆ ಅದೇಕೆ ಎಂದು ಹಿಂದಿನ ಸಾಲಿನಲ್ಲೇ ಕೂತಿರುತ್ತಿದ್ದಳು.

ಗಂಡ ಸತ್ತ ಮೇಲೆ ಅವಳು ತಿಪಟೂರಿನ ಶಂಭುಲಿಂಗಯ್ಯನವರ ಮಂಡಿಯಲ್ಲಿ ಕೊಬ್ಬರಿ ಒಡೆಯುತ್ತಿದ್ದಳು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವ ಕೆಲಸ. ಪಕ್ಕದಲ್ಲೇ ಕೂರುತ್ತಿದ್ದ ಎಸ್ತೇರಿ ಮೊದಮೊದಲು ಇಡೀ ಉಂಡೆಗೇ ಬಾಯಿ ಹಾಕಿದ್ದಳು. ಶಂಭುಲಿಂಗಯ್ಯ ಗದರಲಿಲ್ಲ.

"ಇಡೀದು ಚೀಲಕ್ಕೆ ಕಣವ್ವ, ಚೂರಾದ್ದು ನಿಂಗೆ" ಎಂದು ಚೂರೊಂದನ್ನು ಅವಳ ಅಂಗೈಗೆ ಹಾಕಿದ್ದರು.

ಮಂಡಿಯ ರೂಢಿಯೇ ಅದು, ಒಡೆಯುವಾಗ ಚೂರಾದದ್ದು ಹೆಂಗಸರ ಪಾಲು. ಅದೊಂದು ಪಾಠ ಹುಡುಗಿಗೆ ಹತ್ತಿತು. ಚೂರು ಕಂಡರೆ ಎರಡೂ ಕೈ ಒಡ್ಡುವಳು. ಸಿಕ್ಕಿದ್ದನ್ನು ಮುರಿದು ಅರ್ಧ ಅಮ್ಮನ ಬಾಯಿಗೆ ತುರುಕುವಳು.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಜೀವರತ್ನಮ್ಮನಿಗೆ ಉಳಿದಿದ್ದು ಒಂದೇ ಆಸೆ. ತನಗಿಲ್ಲದಿದ್ದರೂ ಮಗಳಿಗೆ ಪ್ರಭುಭೋಜನ ಸಿಗಬೇಕು. ಓರಗೆಯ ಮಕ್ಕಳೆಲ್ಲ ಆಗಲೇ ತೆಗೆದುಕೊಳ್ಳುತ್ತಿದ್ದರು. ಆರಾಧನೆ ನಡೆಸಲು ತುಮಕೂರಿನಿಂದ ಬರುತ್ತಿದ್ದ ಪಾದ್ರಿ ಅಯ್ಯನವರು ಕೆಟ್ಟವರಲ್ಲ, ಕಟ್ಟಳೆಯವರು.

"ಕರ್ತನ ಪ್ರಾರ್ಥನೆನಾದ್ರೂ ಹೇಳ್ಬೇಕಲ್ಲಮ್ಮ. ಏನು ಅಂತ ತಿಳೀದೆ ತಗೊಳ್ಳೋ ಹಾಗಿಲ್ಲ."

"ನಂಗೂ ತಿಳೀದು ಅಯ್ಯನೋರೇ" ಎಂದಳು ಜೀವರತ್ನಮ್ಮ. ಮುಂದೆ ವಾದಿಸುವ ತ್ರಾಣ ಅವಳಿಗಿರಲಿಲ್ಲ.

ಆ ಭಾನುವಾರ ಅಯ್ಯನವರು "ಇದು ನಿಮಗೋಸ್ಕರ ಮುರಿದ ನನ್ನ ದೇಹ" ಎಂಬ ಯೇಸುವಿನ ಮಾತು ಹೇಳಿ ರೊಟ್ಟಿ ಎತ್ತಿ ಮುರಿದರು. ಹಿಂದಿನ ಸಾಲಿನಿಂದ ಎಸ್ತೇರಿ ಎದ್ದಳು. ತಾಯಿ ಲಂಗ ಹಿಡಿದೆಳೆದರೂ ಸಿಗಲಿಲ್ಲ. ನೆಟ್ಟಗೆ ಮುಂದೆ ಹೋಗಿ ಎರಡೂ ಅಂಗೈ ಜೋಡಿಸಿ ಒಡ್ಡಿದಳು. ಚರ್ಚಿಗೆ ಚರ್ಚೇ ನೋಡಿತು. ಜೀವರತ್ನಮ್ಮ ನಾಚಿಕೆಯಿಂದ ಕುಗ್ಗಿ ಓಡಿ ಬಂದಳು.

"ತಪ್ಪಾಯ್ತು ಅಯ್ಯನೋರೇ, ಮಂಡಿ ಅಭ್ಯಾಸ. ಚೂರಾದ್ದು ತನ್ ಪಾಲು ಅಂದ್ಕೊಂಡವ್ಳೆ."

ಅಯ್ಯನವರ ಕೈ ಅಲ್ಲೇ ನಿಂತಿತು. ಮುರಿದ ರೊಟ್ಟಿಯನ್ನು ನೋಡಿದರು, ಹುಡುಗಿಯ ಅಂಗೈಯನ್ನು ನೋಡಿದರು.

"ಇಷ್ಟು ತಿಳಿದ್ರೆ ಸಾಕಮ್ಮ" ಎಂದು ತುಂಡೊಂದನ್ನು ಅದರಲ್ಲಿಟ್ಟರು.

ಎಸ್ತೇರಿ ಅದನ್ನು ಎರಡು ಮಾಡಿ, ಅರ್ಧವನ್ನು ಅಮ್ಮನ ತುಟಿಗೆ ಒತ್ತಿದಳು. ಜೀವರತ್ನಮ್ಮ ಬಾಯಿ ಬಿಗಿಹಿಡಿದಳು. ಹುಡುಗಿ ಬಿಡಬೇಕಲ್ಲ! ಅವಳ ಹಟದ ಮುಂದೆ ಯಾರ ಆಟವೂ ನಡೆಯದು. ಕಡೆಗೆ ತಾಯಿ ಸೋತು ಬಾಯಿ ತೆರೆದಳು, ಅಳು ಉಕ್ಕಿ ಬಂತು. ಮೈಯ ಸುಸ್ತೇನೂ ಇಳಿಯಲಿಲ್ಲ, ಮನೆಯಲ್ಲಿ ಒಗೆಯುವ ಬಟ್ಟೆ ಹಾಗೇ ಬಿದ್ದಿತ್ತು. ಆದರೂ ಎಷ್ಟೋ ವರ್ಷದ ಮೇಲೆ ಅವಳು ಏನನ್ನೂ ಬೇಡದೆ ದೇವರ ಮುಂದೆ ಮೊಣಕಾಲೂರಿದಳು. ಪಕ್ಕದಲ್ಲಿ ಎಸ್ತೇರಿ ಇನ್ನೊಂದು ಚೂರಿಗೆ ಕೈ ಒಡ್ಡಿ ನಿಂತಿದ್ದಳು.